ವುಡ್‌ವರ್ಡ್ ರಸ್ತೆಯ ಗುಡುಗು

ಆಗಸ್ಟ್ ತಿಂಗಳ ಮೂರನೇ ಶನಿವಾರ. ಡೆಟ್ರಾಯಿಟ್ ನಗರ ದಾಟಿ ಉತ್ತರಕ್ಕೆ ವುಡ್‌ವರ್ಡ್ ಅವೆನ್ಯೂ ಹಿಡಿದರೆ ಕಾರುಗಳು ಕಣ್ಣಿಗೆ ಬೀಳುವ ಮೊದಲೇ ಅಂಗಾಲಿಗೆ ಗೊತ್ತಾಗುತ್ತವೆ. ನೆಲ ಸಣ್ಣಗೆ ಅದುರುತ್ತಿರುತ್ತದೆ. ನಡುವೆ ಹುಲ್ಲು ಬೆಳೆಸಿದ ಅಗಲವಾದ ವಿಭಜಕ, ಅದರ ಎರಡೂ ಬದಿ ಹಲವು ಸಾಲುಗಳ ಹೆದ್ದಾರಿ. ಅಂಚಿನುದ್ದಕ್ಕೂ ಮಡಿಸುವ ಕುರ್ಚಿ ಹಾಕಿಕೊಂಡು ಸಂಸಾರ ಸಮೇತ ಕೂತ ಜನ. ಪಕ್ಕದಲ್ಲಿ ಐಸ್ ತುಂಬಿದ ಪೆಟ್ಟಿಗೆ, ಅಜ್ಜನ ತೊಡೆಯ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕಣ್ಣರಳಿಸಿದ ಮೊಮ್ಮಗು. ಗಾಳಿಯಲ್ಲಿ ಸುಟ್ಟ ರಬ್ಬರಿನ ಕಮಟು, ಪೂರ್ತಿ ಉರಿಯದ ಪೆಟ್ರೋಲಿನ ಘಾಟು, ರಸ್ತೆ ಬದಿಯ ಒಲೆಗಳ ಮೇಲೆ ಸುಡುತ್ತಿರುವ ಮಾಂಸದ ಹೊಗೆ.

ಇದು ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಲ್ಲಿ ಫರ್ನ್‌ಡೇಲ್ ಎಂಬ ಪುಟ್ಟ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಹಳೆಯ ಕಾರುಗಳ ಮೆರವಣಿಗೆ ಇಟ್ಟುಕೊಂಡರು. ಮೊದಲ ವರ್ಷವೇ ಲಕ್ಷಗಟ್ಟಲೆ ಜನ ಬಂದರು. ಈಗ ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ರಸ್ತೆಗೆ ರಸ್ತೆಯೇ ಜಾತ್ರೆ. ತೇರುಗಳೆಲ್ಲ ಬಣ್ಣ ಬಳಿದ ಉಕ್ಕಿನವು. ಕಿತ್ತಳೆ ಬಣ್ಣದ ಚಾರ್ಜರ್, ಕಡುನೀಲಿ ಮಸ್ಟಾಂಗ್, ಬಾನೆಟ್ ಮೇಲೆ ಎರಡು ಕಪ್ಪು ಪಟ್ಟೆ ಎಳೆದ ಕಮಾರೊ, ಹಿಂಬದಿ ತುಸು ಎತ್ತರಿಸಿಕೊಂಡು ನಿಂತ ಜಿಟಿಒ. ವೇಗಕ್ಕೆ ಇಲ್ಲಿ ಆಸ್ಪದವೇ ಇಲ್ಲ, ಆಮೆ ನಡಿಗೆ. ಆದರೂ ಒಂದೊಂದು ಸಿಗ್ನಲ್ ಹಸಿರಾದಾಗಲೂ ಒಬ್ಬನಾದರೂ ಆಕ್ಸಿಲರೇಟರ್ ಒತ್ತಿ ಒಂದು ಗುಡುಗು ಬಿಡುತ್ತಾನೆ, ಅಂಚಿನಲ್ಲಿ ಕೂತ ಜನ ಹೋ ಎನ್ನುತ್ತಾರೆ.

ಅಮೆರಿಕದ ಮಸಲ್ ಕಾರಿನ, ಅಂದರೆ ಸಾಧಾರಣ ಮೈಯೊಳಗೆ ದೊಡ್ಡ ಎಂಜಿನ್ ಹೊತ್ತ ಕಾರಿನ, ಕಥೆಯನ್ನು ಈ ಒಂದು ರಸ್ತೆಯ ಮೇಲೆ ನಿಂತುಕೊಂಡೇ ಹೇಳಿ ಮುಗಿಸಬಹುದು. 1909ರಲ್ಲಿ ಕಾಂಕ್ರೀಟು ಸುರಿದು ಒಂದು ಮೈಲಿ ಹೆದ್ದಾರಿ ಮಾಡಿದ್ದು ಇದೇ ವುಡ್‌ವರ್ಡ್ ಮೇಲೆ. 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲು ಹೂಡಿದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯ ಕಟ್ಟಡ ಇಂದಿಗೂ ಇದರ ಪಕ್ಕದಲ್ಲೇ ನಿಂತಿದೆ. ಉತ್ತರದ ತುದಿಯಲ್ಲಿರುವ ಊರು ಪಾಂಟಿಯಾಕ್. ಮೊದಲ ಮಸಲ್ ಕಾರು ಎಂದು ಬಹುಮಂದಿ ಒಪ್ಪುವ ಜಿಟಿಒ ಮೈಮೇಲೆ ಹೊತ್ತದ್ದು ಆ ಊರಿನ ಹೆಸರನ್ನೇ.

ಆ ಜಿಟಿಒ ಹುಟ್ಟಿದ್ದು ಒಂದು ಜಾಣತನದಿಂದ. 1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ತನ್ನ ವಿಭಾಗಗಳು ರೇಸಿಗೆ ಕೈಹಾಕಬಾರದೆಂದು ತಾಕೀತು ಮಾಡಿತ್ತು. ಮಧ್ಯಮ ಗಾತ್ರದ ಕಾರಿಗೆ ಇಂತಿಷ್ಟೇ ದೊಡ್ಡ ಎಂಜಿನ್ ಎಂಬ ಮಿತಿಯೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ದೊಡ್ಡ ಕಾರಿನ 6.4 ಲೀಟರ್ ಎಂಜಿನ್ನನ್ನು ಟೆಂಪೆಸ್ಟ್ ಎಂಬ ಸಾಧಾರಣ ಕಾರಿನೊಳಗೆ ಕೂರಿಸಿದರು. ಹೊಸ ಮಾದರಿ ಎಂದರೆ ಮೇಲಿನವರ ಅಪ್ಪಣೆ ಬೇಕು. ಹಾಗಾಗಿ ಇದನ್ನು ಬೇಕಾದವರು ಹಾಕಿಸಿಕೊಳ್ಳಬಹುದಾದ ಹೆಚ್ಚುವರಿ ಸಾಮಗ್ರಿ ಎಂದು ಪಟ್ಟಿಯಲ್ಲಿ ಸೇರಿಸಿದರು. ಬೆಲೆ ಸುಮಾರು 296 ಡಾಲರ್. ಸಿಗುತ್ತಿದ್ದದ್ದು 325 ಅಶ್ವಶಕ್ತಿ. ಐದು ಸಾವಿರ ಕಾರು ಹೋದರೆ ಹೆಚ್ಚು ಎಂದುಕೊಂಡಿದ್ದರು, 1964ರಲ್ಲಿ 32 ಸಾವಿರಕ್ಕೂ ಹೆಚ್ಚು ಮಾರಾಟವಾದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಫೋರ್ಡ್ 2,368 ಡಾಲರ್ ಬೆಲೆಗೆ ಮಸ್ಟಾಂಗ್ ಬಿಟ್ಟಿತು. ಶ್ರೀಮಂತರ ಆಟಿಕೆಯಾಗಿದ್ದ ವೇಗ ಕಾರ್ಖಾನೆಯ ಹುಡುಗನ ಕೈಗೆ ಬಂತು.

ಅಂಥ ಒಂದು ಕಾರಿನ ಬಾನೆಟ್ ಎತ್ತಿ ಪಕ್ಕ ನಿಂತು ನೋಡಬೇಕು. ಎಂಟು ಸಿಲಿಂಡರುಗಳು ಎರಡು ಸಾಲಾಗಿ, ವಿ ಆಕಾರದಲ್ಲಿ ಓರೆಯಾಗಿ ಕೂತಿವೆ. ನಡುವಿನ ಕಣಿವೆಯಲ್ಲಿ ಕಾರ್ಬ್ಯುರೇಟರ್, ಅದರ ಮೇಲೆ ಊಟದ ತಟ್ಟೆಯಗಲದ ಏರ್ ಫಿಲ್ಟರ್. ಎಂಜಿನ್ ಸುಮ್ಮನೆ ಓಡುತ್ತಿದ್ದರೂ ಇಡೀ ಮೈ ಒಂದು ಮಗ್ಗುಲಿಗೆ ವಾಲಿ ವಾಲಿ ಅಲುಗುತ್ತದೆ. ಸದ್ದು ಒಂದೇ ಸಮ ಬರುವುದಿಲ್ಲ. ಇಬ್ಬರು ಮೂವರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುವಾಗ ಒಂದು ಪೆಟ್ಟು ಬೇಗ, ಒಂದು ಪೆಟ್ಟು ತಡವಾಗಿ ಬೀಳುತ್ತದಲ್ಲ, ಹಾಗೆ. ಕಾರಣ ಸಿಲಿಂಡರುಗಳು ಉರಿಯುವ ಸರದಿಯಲ್ಲಿದೆ. ಪಾಂಟಿಯಾಕ್, ಕ್ರೈಸ್ಲರ್ ಎಂಜಿನ್‌ಗಳಲ್ಲಿ ಆ ಸರದಿ 1-8-4-3-6-5-7-2. ಬೆಸ ಸಂಖ್ಯೆಯವು ಎಡ ಸಾಲು, ಸಮ ಸಂಖ್ಯೆಯವು ಬಲ ಸಾಲು. 8 ಮತ್ತು 4 ಬೆನ್ನುಬೆನ್ನಿಗೆ ಬಲದಲ್ಲೇ ಸಿಡಿಯುತ್ತವೆ, 5 ಮತ್ತು 7 ಬೆನ್ನುಬೆನ್ನಿಗೆ ಎಡದಲ್ಲೇ. ಹಾಗಾಗಿ ಒಂದೊಂದು ಸೈಲೆನ್ಸರಿನಿಂದಲೂ ಹೊಗೆಯ ಬಡಿತ ಒಮ್ಮೆ ಒತ್ತಾಗಿ, ಒಮ್ಮೆ ಬಿಡುವು ಕೊಟ್ಟು ಹೊರಬೀಳುತ್ತದೆ. ಅಮೆರಿಕದ ಎರಡು ಮೂರು ತಲೆಮಾರಿನ ಗಂಡಸರು, ಎಷ್ಟೋ ಹೆಂಗಸರು ಕಣ್ಣು ಮುಚ್ಚಿಕೊಂಡೇ ಕಾರಿನ ಹೆಸರು ಹೇಳುತ್ತಿದ್ದದ್ದು ಈ ಲಯ ಹಿಡಿದು.

ಅರವತ್ತರ ದಶಕದ ರಾತ್ರಿಗಳಲ್ಲಿ ವುಡ್‌ವರ್ಡ್ ಮೇಲೆ ಕಾನೂನಿಗೆ ವಿರುದ್ಧವಾಗಿ ಸಿಗ್ನಲಿಂದ ಸಿಗ್ನಲಿಗೆ ಪಂದ್ಯಗಳು ನಡೆಯುತ್ತಿದ್ದವು. ರಸ್ತೆ ಬದಿಯ ಹೋಟೆಲುಗಳ ಅಂಗಳದಲ್ಲಿ ಬರ್ಗರ್ ತಿನ್ನುತ್ತಾ ಜೋಡಿ ಹುಡುಕುತ್ತಿದ್ದ ಹುಡುಗರ ನಡುವೆ ಕಾರು ಕಂಪನಿಗಳ ಎಂಜಿನಿಯರುಗಳೂ ಇರುತ್ತಿದ್ದರು, ಹಗಲು ಮಾಡಿದ ಕೆಲಸವನ್ನು ರಾತ್ರಿ ಒರೆಗೆ ಹಚ್ಚಲು. ಅಂಥ ಪಂದ್ಯಗಳ ಒಂದು ಕಾರು ದಂತಕಥೆಯಾಗಿದೆ. 1970ರ ಕಪ್ಪು ಡಾಡ್ಜ್ ಚಾಲೆಂಜರ್, ಒಳಗೆ 426 ಹೆಮಿ ಎಂಜಿನ್, ಮೊಸಳೆ ಚರ್ಮದಂಥ ಹೊದಿಕೆಯ ಚಾವಣಿ, ಹಿಂದೆ ಒಂದು ಬಿಳಿ ಪಟ್ಟಿ. ಎಲ್ಲಿಂದಲೋ ಬರುತ್ತಿತ್ತು, ಪಂದ್ಯ ಗೆಲ್ಲುತ್ತಿತ್ತು, ಮಾಯವಾಗುತ್ತಿತ್ತು. ತಿಂಗಳುಗಟ್ಟಲೆ ಸುಳಿವಿರುತ್ತಿರಲಿಲ್ಲ. ಜನ ಅದಕ್ಕೆ ಬ್ಲ್ಯಾಕ್ ಗೋಸ್ಟ್, ಕರಿಭೂತ, ಎಂದು ಹೆಸರಿಟ್ಟರು. ಓಡಿಸುತ್ತಿದ್ದವರು ಡೆಟ್ರಾಯಿಟ್‌ನ ಒಬ್ಬ ಪೊಲೀಸ್ ಅಧಿಕಾರಿ ಎಂಬುದು ಬಹಳ ವರ್ಷ ಗುಟ್ಟಾಗಿಯೇ ಉಳಿಯಿತು. 2020ರಲ್ಲಿ ಆ ಕಾರು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿತು.

ಮಸಲ್ ಕಾರಿನ ಕಾಲ ಮುಗಿಯಿತು ಎಂಬ ಮಾತು ಈಗ ಮೊದಲ ಸಲ ಕೇಳಿಬರುತ್ತಿರುವುದಲ್ಲ. 1970ರ ಶುದ್ಧ ಗಾಳಿ ಕಾಯ್ದೆ ಹೊಗೆಗೆ ಲಗಾಮು ಹಾಕಿತು. ವಿಮಾ ಕಂಪನಿಗಳು ಹುಡುಗರ ಕಾರುಗಳ ಮೇಲೆ ಕಂತು ಏರಿಸಿದವು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದ ಸಾಲು ನಿಂತಿತು. 1974ರ ಮಾದರಿಯ ಹೊಸ ಮಸ್ಟಾಂಗ್‌ಗೆ ವಿ-8 ಎಂಜಿನ್ನೇ ಇರಲಿಲ್ಲ. ಮುಂದೆ ಫ್ಯುಯೆಲ್ ಇಂಜೆಕ್ಷನ್, ಕಂಪ್ಯೂಟರ್ ಎಲ್ಲ ಬಂದು ಎಂಜಿನ್‌ಗಳು ಮತ್ತೆ ಮೈದುಂಬಿಕೊಂಡವು. 2008ರಲ್ಲಿ ಚಾಲೆಂಜರ್ ಹಿಂದಿರುಗಿತು, ಅದರ ಬೆನ್ನಿಗೇ ಕಮಾರೊ. ಸ್ಪರ್ಧೆ ಹುಚ್ಚುಹೊಳೆಯಾಗಿ ಏರಿ ಏರಿ ಚಾಲೆಂಜರ್ ಡೀಮನ್ 170ಕ್ಕೆ ಬಂದು ಮುಟ್ಟಿತು. ವಿಶೇಷ ಇಂಧನ ಹಾಕಿದರೆ 1,025 ಅಶ್ವಶಕ್ತಿ!

ಅದೇ ಕೊನೆಯದೂ ಆಯಿತು. 2023ರ ಡಿಸೆಂಬರ್ 22ರಂದು ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯ ಸಾಲಿನಿಂದ ಒಂದು ಕಪ್ಪು ಡೀಮನ್ ಹೊರಬಂದ ಮೇಲೆ ಚಾಲೆಂಜರ್ ನಿಂತಿತು. ಆ ವೇಳೆಗೇ ಮಿಶಿಗನ್ನಿನ ಲ್ಯಾನ್ಸಿಂಗ್‌ನಲ್ಲಿ ಕಮಾರೊ ಕೂಡ ತನ್ನ ಕೊನೆಯ ಸರದಿ ಮುಗಿಸುತ್ತಿತ್ತು. ಕಾರಣ ಸ್ಪಷ್ಟವಾಗಿತ್ತು. ಚಾಲೆಂಜರಿನ ಹೆಲ್‌ಕ್ಯಾಟ್ ಜಾತಿಯ ಎಂಜಿನ್ ಲೀಟರಿಗೆ ಆರೇಳು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಒಂದೊಂದು ಲೀಟರ್ ಪೆಟ್ರೋಲ್ ಉರಿದಾಗಲೂ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇಂಧನ ಮಿತವ್ಯಯದ ನಿಯಮ ಮುಟ್ಟದ ತಪ್ಪಿಗೆ ಡಾಡ್ಜ್‌ನ ಒಡೆಯ ಕಂಪನಿ ಸ್ಟೆಲಾಂಟಿಸ್ 2018 ಮತ್ತು 2019ರ ಮಾದರಿಗಳಿಗೇ 23 ಕೋಟಿ ಡಾಲರಿಗೂ ಮಿಕ್ಕಿ ದಂಡ ತೆತ್ತಿತ್ತು.

ಚಾಲೆಂಜರಿನ ಜಾಗಕ್ಕೆ ಬಂದ ಹೊಸ ಕಾರು ಮುಖ ತೋರಿಸಿದ್ದು ಮತ್ತೆ ವುಡ್‌ವರ್ಡ್‌ನ ತುದಿಯಲ್ಲೇ. 2022ರ ಆಗಸ್ಟಿನಲ್ಲಿ ಪಾಂಟಿಯಾಕ್‌ನ ಎಂ1 ಕಾನ್‌ಕೋರ್ಸ್‌ನಲ್ಲಿ, ಹಿಂದೆ ಜನರಲ್ ಮೋಟಾರ್ಸ್ ಕಾರ್ಖಾನೆಯಿದ್ದ ಜಾಗದಲ್ಲಿ, ವಿದ್ಯುತ್ ಚಾರ್ಜರ್ ಡೇಟೋನಾದ ಮಾದರಿಯನ್ನು ಡಾಡ್ಜ್ ವೇದಿಕೆಗೆ ತಂದಿತು. ತಯಾರಾಗುವುದು ಡೆಟ್ರಾಯಿಟ್ ನದಿಯ ಆಚೆ ದಡದ ವಿಂಡ್ಸರ್‌ನಲ್ಲಿ. ಹೊರಗಿನಿಂದ ನೋಡಿದರೆ ಅದೇ ಅಗಲ ಹೆಗಲು, ಅದೇ ಉದ್ದನೆಯ ಬಾನೆಟ್, ಹಿಂದಿನ ಸೊಂಟದ ಬಳಿ ಅದೇ ಉಬ್ಬು. ಬಾನೆಟ್‌ನ ಮುಂತುದಿ ಮಾತ್ರ ತೇಲುವ ರೆಕ್ಕೆಯ ಹಾಗೆ, ಅದರಡಿಯಿಂದ ಗಾಳಿ ತೂರಿ ಹೋಗುತ್ತದೆ. ತಳದಲ್ಲಿ ನೂರು ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಹಾಸಿದೆ. ಮುಂದಿನ ಚಕ್ರಗಳಿಗೆ ಒಂದು ಮೋಟಾರು, ಹಿಂದಿನವಕ್ಕೆ ಒಂದು. ಸ್ಕ್ಯಾಟ್ ಪ್ಯಾಕ್ ಮಾದರಿಯಲ್ಲಿ ಒಟ್ಟು 670 ಅಶ್ವಶಕ್ತಿ. ತೂಕ 2,600 ಕೆ.ಜಿ. ದಾಟುತ್ತದೆ, ಹಳೆಯ ಜಿಟಿಒಗಿಂತ ಒಂದು ಟನ್ನು ಹೆಚ್ಚು.

ಈ ಭಾರವನ್ನು ಎತ್ತಿ ಎಸೆಯುವ ಬಗೆಯಲ್ಲೇ ವಿದ್ಯುತ್ತಿನ ಸತ್ವ ಕಾಣುವುದು. ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ಬಲ ಕೊಡಲಾರದು. ನಿಮಿಷಕ್ಕೆ ಏಳೆಂಟು ನೂರು ಸುತ್ತು ತಿರುಗುತ್ತಲೇ ಇರಬೇಕು, ಸಾವಿರಗಟ್ಟಲೆ ಸುತ್ತಿಗೆ ಏರಿದ ಮೇಲೇ ಅದರ ಪೂರ್ಣ ಶಕ್ತಿ. ಆ ಅಂತರವನ್ನು ಮುಚ್ಚಲು ಕ್ಲಚ್, ಗೇರು, ಚಾಲಕನ ಕಾಲ್ಚಳಕ ಎಲ್ಲವೂ ಬೇಕು. ಮೋಟಾರಿಗೆ ಇದಾವುದರ ಹಂಗೂ ಇಲ್ಲ. ಸೊನ್ನೆ ಸುತ್ತಿನಲ್ಲೇ ತಿರುಚುಬಲ ಪೂರ್ತಿ ಸಿದ್ಧ. ಪೆಡಲ್ ಒತ್ತಿದ ಕ್ಷಣ ಚಾಲಕನ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ನೋಡುವವರಿಗೆ ಟೈರುಗಳ ಕಿರುಚಾಟ ಮತ್ತು ಗಾಳಿಯ ಸೀಳು ಮಾತ್ರ. ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ಮುಟ್ಟಲು 3.3 ಸೆಕೆಂಡ್. ಕಾಲು ಮೈಲಿಯ ಡ್ರ್ಯಾಗ್ ಪಂದ್ಯದಲ್ಲಿ ಅರವತ್ತರ ದಶಕದ ಬಹುತೇಕ ಶೋರೂಮ್ ಕಾರುಗಳನ್ನು ಇದು ಹಿಂದೆ ಹಾಕುತ್ತದೆ. ಬೆನ್ನುಬೆನ್ನಿಗೆ ಓಡಿಸಿದರೆ ಬ್ಯಾಟರಿ ಕಾದು ಚುರುಕು ಇಳಿಯುವುದೂ ನಿಜ.

ಈ ಬಲಕ್ಕೆ ಮಾರುಹೋದವರಲ್ಲಿ ಹಳಬರೂ ಇದ್ದಾರೆ. ಡ್ರ್ಯಾಗ್ ರೇಸಿನ ಪಿತಾಮಹರೆನಿಸಿದ ಡಾನ್ ಗಾರ್ಲಿಟ್ಸ್ ಅವರ ಬದುಕೆಲ್ಲ ಬೆಂಕಿ ಉಗುಳುವ ಎಂಜಿನ್‌ಗಳ ಜೊತೆಗೇ ಕಳೆಯಿತು. 1970ರಲ್ಲಿ ಕ್ಯಾಲಿಫೋರ್ನಿಯಾದ ಟ್ರ್ಯಾಕಿನಲ್ಲಿ ಅವರ ಕಾರಿನ ಗೇರ್ ಭಾಗ ಸಿಡಿದು ಬಲಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯಲ್ಲಿ ಮಲಗಿಯೇ ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸರಿಸಿದ ಹೊಸ ಕಾರನ್ನು ಯೋಚಿಸಿದರು, ಆ ಕ್ರೀಡೆಯ ರೂಪವೇ ಬದಲಾಯಿತು. ಅದೇ ಗಾರ್ಲಿಟ್ಸ್ 2019ರಲ್ಲಿ, 87ನೇ ವಯಸ್ಸಿನಲ್ಲಿ, ಬ್ಯಾಟರಿ ಕಾರಿನಲ್ಲಿ ಕೂತು ಗಂಟೆಗೆ 304 ಕಿ.ಮೀ. ವೇಗದಲ್ಲಿ ಫ್ಲಾರಿಡಾದ ಡ್ರ್ಯಾಗ್ ಟ್ರ್ಯಾಕ್ ದಾಟಿದರು. ವೇಗವನ್ನು ನಿಜವಾಗಿ ಪ್ರೀತಿಸಿದವರು ಅದು ಯಾವ ಬಾಗಿಲಿಂದ ಬಂದರೂ ಬರಮಾಡಿಕೊಳ್ಳುತ್ತಾರೆ.

ಆದರೂ ವುಡ್‌ವರ್ಡ್‌ನ ಅಂಚಿನಲ್ಲಿ ಕೂತವರ ಮನಸ್ಸು ಗೆಲ್ಲುವುದು ಸುಲಭವಾಗಲಿಲ್ಲ. ಸದ್ದಿಲ್ಲದ ಕಾರು ಎಂಥ ಮಸಲ್ ಕಾರು ಎಂಬುದು ಅವರ ಪ್ರಶ್ನೆ. ಡಾಡ್ಜ್ ಎಂಜಿನಿಯರುಗಳು ಕಾರಿನ ಹಿಂಭಾಗದಲ್ಲಿ ಧ್ವನಿಕೋಣೆ ಕಟ್ಟಿ, ಅದರೊಳಗೆ ಸ್ಪೀಕರುಗಳನ್ನಿಟ್ಟು, ಪೆಡಲ್ ಒತ್ತಿದಷ್ಟೂ ಏರುವ ಗರ್ಜನೆ ಹೊರಡಿಸಿದರು. 126 ಡೆಸಿಬೆಲ್, ಹೆಲ್‌ಕ್ಯಾಟ್‌ನಷ್ಟೇ ಜೋರು ಎಂಬುದು ಅವರ ಗುರಿಯಾಗಿತ್ತು. ಬೇಡವಾದರೆ ಗುಂಡಿ ಒತ್ತಿ ನಿಲ್ಲಿಸಬಹುದು. ಕೆಲವರಿಗೆ ಇದು ಹಿಡಿಸಿತು, ಬಹಳ ಮಂದಿಗೆ ಹಿಡಿಸಲಿಲ್ಲ. ಹಳೆಯ ಎಂಜಿನ್ನಿನ ಸದ್ದು ಅದು ಮಾಡುವ ದುಡಿಮೆಯಿಂದಲೇ ಹುಟ್ಟುತ್ತಿತ್ತು. ಲಯ ತಪ್ಪಿದರೆ ಯಾವ ಪ್ಲಗ್ ಕೈಕೊಟ್ಟಿದೆ ಎಂದು ಮೆಕ್ಯಾನಿಕ್ ಕಿವಿಯಿಂದಲೇ ಹೇಳುತ್ತಿದ್ದ. ಆ ನಂಟು ಸ್ಪೀಕರಿನ ಸದ್ದಿಗೆ ಬರುವುದಿಲ್ಲ. ಪಾದಚಾರಿಗಳ ಸುರಕ್ಷತೆಗಾಗಿ ಗಂಟೆಗೆ 30 ಕಿ.ಮೀ. ಒಳಗಿನ ವೇಗದಲ್ಲಿ ವಿದ್ಯುತ್ ಕಾರುಗಳು ಸದ್ದು ಮಾಡಲೇಬೇಕೆಂದು ಅಮೆರಿಕದ ನಿಯಮವಿದೆ, ಅದು ಬೇಕಾದದ್ದೇ. ಅದರಾಚೆಗೆ ವಿದ್ಯುತ್ ಕಾರು ತನ್ನದೇ ದನಿಯಲ್ಲಿ, ಮೋಟಾರು ಮತ್ತು ಗಾಳಿಯ ದನಿಯಲ್ಲಿ, ಮಾತಾಡಿದರೆ ಚೆನ್ನ.

ಮಾರುಕಟ್ಟೆ ಇನ್ನೂ ನಿರ್ದಯವಾಗಿತ್ತು. ಚಾರ್ಜರ್ ಡೇಟೋನಾದ ಅಗ್ಗದ ಮಾದರಿಗೇ ಸುಮಾರು 60 ಸಾವಿರ ಡಾಲರ್, ಸ್ಕ್ಯಾಟ್ ಪ್ಯಾಕಿಗೆ 70 ಸಾವಿರದ ಮೇಲೆ ಬೆಲೆಯಿತ್ತು. ಹಿಂದಿನ ಚಾಲೆಂಜರಿನ ಸಾದಾ ಮಾದರಿ 30 ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. ಕೊಳ್ಳುವವರು ಹಿಂಜರಿದರು. ಡಾಡ್ಜ್ ಆ ಅಗ್ಗದ ವಿದ್ಯುತ್ ಮಾದರಿಯನ್ನು ಕೈಬಿಟ್ಟು, ಅದೇ ಮೈಕಟ್ಟಿನೊಳಗೆ ಆರು ಸಿಲಿಂಡರಿನ ಅವಳಿ ಟರ್ಬೊ ಪೆಟ್ರೋಲ್ ಎಂಜಿನ್ ಇಟ್ಟು ಮಾರತೊಡಗಿತು. ಸರ್ಕಾರದ ಗಾಳಿಯೂ ತಿರುಗಿತು. 2025ರ ಜುಲೈನಲ್ಲಿ ಬಂದ ಕಾಯ್ದೆ ಇಂಧನ ಮಿತವ್ಯಯದ ದಂಡವನ್ನು ಸೊನ್ನೆಗೆ ಇಳಿಸಿತು. ವಿದ್ಯುತ್ ಕಾರು ಕೊಂಡವರಿಗೆ ಸಿಗುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಸೋಲಿಗೆ ಸದ್ದೇ ಕಾರಣ ಎಂದು ಬಹಳ ಜನ ಹೇಳುತ್ತಾರೆ. ಬೆಲೆಯದೇ ದೊಡ್ಡ ಪಾಲು ಎಂಬುದು ನನ್ನ ನಂಬಿಕೆ. ಈ ಮಾತಿಗೆ ಸಾಕ್ಷಿ ವುಡ್‌ವರ್ಡ್ ರಸ್ತೆಯ ಹಳೆಯ ಚರಿತ್ರೆಯಲ್ಲೇ ಇದೆ. 1907ರಿಂದ 1939ರವರೆಗೆ ಈ ನಗರದಲ್ಲಿ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರು ತಯಾರಾಗುತ್ತಿತ್ತು. ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದದ್ದು ಅದನ್ನೇ. ಅವರ 1914ರ ಕಾರು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರದ ಗಾಜಿನ ಕಿಟಕಿ, ಒಳಗೆ ಬೈಠಕ್ಕಿನ ಕೋಣೆಯಂಥ ಮೆತ್ತೆ, ಸ್ಟಿಯರಿಂಗ್ ಚಕ್ರದ ಬದಲು ಕೈಯಿಂದ ಅತ್ತಿತ್ತ ತಳ್ಳುವ ಒಂದು ಸರಳು. ಹೊಗೆಯಿಲ್ಲ, ಮುಂದೆ ನಿಂತು ಹ್ಯಾಂಡಲ್ ತಿರುವುವ ಕಷ್ಟವಿಲ್ಲ. ಆದರೆ ಅಂಥ ಕಾರಿಗೆ ಮೂರು ಸಾವಿರ ಡಾಲರ್‌ಗೂ ಮಿಕ್ಕಿ ಕೊಡಬೇಕಿತ್ತು. ಆಕೆಯ ಗಂಡ ಹೈಲ್ಯಾಂಡ್ ಪಾರ್ಕಿನಲ್ಲಿ ಮಾಡಿಸುತ್ತಿದ್ದ ಮಾಡೆಲ್ ಟಿ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ 1920ರ ದಶಕದ ನಡುವಿಗೆ 300 ಡಾಲರಿಗಿಂತ ಕೆಳಗೆ ಬಂತು. 1914ರಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ ಮೇಲೆ ಕಾರು ಮಾಡುವವನೇ ಕಾರು ಕೊಳ್ಳುವಂತಾದ. 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಅಳವಡಿಸಿದ್ದರಿಂದ ಹ್ಯಾಂಡಲ್ ತಿರುವುವ ಕಷ್ಟವೂ ತಪ್ಪಿತ್ತು. ವಿದ್ಯುತ್ ಕಾರು ಆಗ ಸೋತಿದ್ದರಲ್ಲಿ ದೊಡ್ಡ ಪಾಲು ಬೆಲೆಯದು.

ಈ ನೆಲದ ವಿದ್ಯುತ್ ಕಾರಿನ ಕಥೆಗೆ ಬೆಂಗಳೂರಿನ ಒಂದು ಎಳೆಯೂ ಸೇರಿದೆ. ಡೆಟ್ರಾಯಿಟ್‌ಗೆ ಹತ್ತಿರದ ಆ್ಯನ್ ಆರ್ಬರ್‌ನಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ, ಓದುತ್ತಿದ್ದ ಬೆಂಗಳೂರಿನ ಚೇತನ್ ಮೈನಿ ಅಲ್ಲಿನ ವಿದ್ಯಾರ್ಥಿಗಳು ಕಟ್ಟಿದ ಸನ್‌ರನ್ನರ್ ಎಂಬ ಸೌರಶಕ್ತಿ ಕಾರಿನ ತಂಡದಲ್ಲಿದ್ದರು. 1990ರಲ್ಲಿ ಫ್ಲಾರಿಡಾದಿಂದ ಮಿಶಿಗನ್‌ವರೆಗಿನ ಸೌರ ಕಾರುಗಳ ಪಂದ್ಯ ಗೆದ್ದದ್ದು ಅದೇ ಕಾರು. ಮುಂದೆ 2001ರಲ್ಲಿ ಅವರು ಬೆಂಗಳೂರಿನಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ಬಿಟ್ಟರು. ಮಸಲ್ ಕಾರಿಗೂ ರೇವಾಕ್ಕೂ ಎಲ್ಲಿಂದೆಲ್ಲಿಗೆ, ನಿಜ. ಆದರೆ ವಿದ್ಯುತ್ ಕಾರನ್ನು ಮಧ್ಯಮ ವರ್ಗದ ಮನೆ ಮುಂದೆ ನಿಲ್ಲಿಸಬೇಕೆಂಬ ಹಟ ಆ ಪುಟ್ಟ ಗಾಡಿಯಲ್ಲಿತ್ತು. ಇಂದು ಡೆಟ್ರಾಯಿಟ್ ಬಳಿಯ ಟ್ರಾಯ್, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಸುತ್ತ ನೆಲೆಸಿ ಪಂಪ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಿಗೆ ಸೇರುವ ಕನ್ನಡಿಗರಲ್ಲಿ ಕಾರು ಉದ್ಯಮದ ಎಂಜಿನಿಯರುಗಳು ಬೇಕಾದಷ್ಟಿದ್ದಾರೆ. ಎಂಜಿನ್ನಿನಿಂದ ಬ್ಯಾಟರಿಗೆ ನಡೆದಿರುವ ಈ ದಾಟುವಿಕೆ ಅವರ ಮನೆಯ ಅನ್ನದ ಪ್ರಶ್ನೆಯೂ ಹೌದು.

ಬೆಲೆಯ ಜೊತೆಗೆ ಇನ್ನೊಂದು ಮಾತಿದೆ. ಜಿಟಿಒ ಕೊಂಡ ಹುಡುಗನಿಗೆ ಒಂದು ಪೆಟ್ಟಿಗೆ ಸ್ಪ್ಯಾನರ್ ಇದ್ದರೆ ಸಾಕಿತ್ತು. ಭಾನುವಾರ ಮನೆಯ ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಿದ್ದ, ಪ್ಲಗ್ ಉಜ್ಜುತ್ತಿದ್ದ, ಕ್ಯಾಮ್‌ಶಾಫ್ಟ್ ಬದಲಿಸಿ ಹತ್ತಿಪ್ಪತ್ತು ಅಶ್ವಶಕ್ತಿ ಹೆಚ್ಚಿಸಿಕೊಳ್ಳುತ್ತಿದ್ದ. ತಂದೆ ಮಕ್ಕಳು ಮಾತು ಬಿಟ್ಟಿದ್ದರೂ ಆ ಬಾನೆಟ್ಟಿನಡಿ ಒಂದಾಗುತ್ತಿದ್ದರು. ವಿದ್ಯುತ್ ಕಾರಿನ ಒಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ. ತರಬೇತಿಯಿಲ್ಲದೆ ಮುಟ್ಟಿದರೆ ಜೀವಕ್ಕೇ ಅಪಾಯ. ಅದಕ್ಕಿಂತ ದೊಡ್ಡ ಗೋಡೆ ಸಾಫ್ಟ್‌ವೇರ್‌ನದು, ಅದರ ಕೀಲಿ ಕಂಪನಿಯ ಕೈಯಲ್ಲಿ. ಈ ಗೋಡೆ ಒಡೆಯುವ ಕೈಗಳೂ ಹುಟ್ಟಿಕೊಂಡಿವೆ. ಅಪಘಾತಕ್ಕೀಡಾದ ಟೆಸ್ಲಾಗಳ ಮೋಟಾರು ಬಿಚ್ಚಿ ಹಳೆಯ ಕಾರುಗಳಿಗೆ ಕೂರಿಸುವ ಗ್ಯಾರೇಜುಗಳು ಅಮೆರಿಕದಲ್ಲಿ ಹಲವು. 2021ರಲ್ಲಿ ಫೋರ್ಡ್ 281 ಅಶ್ವಶಕ್ತಿಯ ಒಂದು ವಿದ್ಯುತ್ ಮೋಟಾರನ್ನು 3,900 ಡಾಲರಿಗೆ ಬಿಡಿಯಾಗಿಯೇ ಮಾರಾಟಕ್ಕಿಟ್ಟಾಗ ಅದು ಬೇಗನೆ ಖಾಲಿಯಾಯಿತು. 2020ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರಲ್ಲಿ ನಾಲ್ವರಿಗೆ ಮೂವರು, ಕಾರಿನ ದತ್ತಾಂಶ ಕಾರಿನೊಡೆಯನಿಗೂ ಅವನು ಆರಿಸಿದ ಮೆಕ್ಯಾನಿಕ್ಕಿಗೂ ಸಿಗಬೇಕೆಂದು ಮತ ಹಾಕಿದರು. ಜನಕ್ಕೆ ವಿದ್ಯುತ್ತಿನ ಮೇಲೆ ಮುನಿಸಿಲ್ಲ, ತಮ್ಮ ಕೈಗೆ ಕೆಲಸವಿಲ್ಲದಂತೆ ಮಾಡುವುದರ ಮೇಲೆ ಮುನಿಸಿದೆ.

ಪೆಟ್ರೋಲಿನ ಗುಡುಗು ವುಡ್‌ವರ್ಡ್ ಮೇಲೆ ಇನ್ನೂ ಬಹಳ ವರ್ಷ ಕೇಳಲಿ. ವರ್ಷಕ್ಕೊಂದು ಶನಿವಾರ ಹಳೆಯ ಕಾರು ತೊಳೆದು ಹೊರತರುವವರಿಂದ ಭೂಮಿ ಬಿಸಿಯಾಗುವುದಿಲ್ಲ. ದಿನದಿನದ ಓಡಾಟಕ್ಕೆ ಮಾತ್ರ ಲೀಟರಿಗೆ ಆರು ಕಿಲೋಮೀಟರ್ ಕೊಡುವ ಎಂಜಿನ್ನಿಗೆ ಇನ್ನು ಜಾಗವಿಲ್ಲ. ಕಾಯ್ದೆ ಹಿಂದೆ ಸರಿದ ಮಾತ್ರಕ್ಕೆ ಹವೆಯ ಲೆಕ್ಕ ಬದಲಾಗದು. ಬ್ಯಾಟರಿಯ ಬೆಲೆ ಇಳಿಯುತ್ತಿದೆ, ಬಲದ ವಿಷಯದಲ್ಲಿ ಮೋಟಾರು ಈಗಾಗಲೇ ಗೆದ್ದಾಗಿದೆ. ಕಾರು ಕಂಪನಿಗಳು ಸ್ಪೀಕರಿಗೆ ಹಾಕುವ ಶ್ರಮವನ್ನು ಎರಡು ಕೆಲಸಕ್ಕೆ ಹಾಕಬೇಕು: ಜೋಡಣಾ ಸಾಲಿನಲ್ಲಿ ದುಡಿಯುವವನ ಸಂಬಳಕ್ಕೆ ಎಟುಕುವ ಬೆಲೆ, ಮತ್ತು ಅವನು ತನ್ನ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಬಹುದಾದ ಕಾರು. 1964ರಲ್ಲಿ ಪಾಂಟಿಯಾಕ್ ಕೊಟ್ಟದ್ದು ಈ ಎರಡನ್ನೇ. ಇವೆರಡನ್ನೂ ಕೊಡುವ ವಿದ್ಯುತ್ ಕಾರು ಬಂದ ದಿನ ಅದನ್ನು ಮಸಲ್ ಕಾರು ಎಂದು ಕರೆಯಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.